ಎಂಬತ್ತರ ಜಾಗದಲ್ಲಿ ಎಪ್ಪತ್ತಾರು

ಯಾರನ್ನೂ ಒಂದೇ ಸಲಕ್ಕೆ ನಂಬುವ ಜಾತಿ ನನ್ನದಲ್ಲ. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನ್ನು ಕೇಳುತ್ತೇನೆ, ಕಂಡಕ್ಟರು ಹೇಳಿದ ಮೇಲೂ ಪಕ್ಕದಲ್ಲಿ ಕೂತವರನ್ನು ಕೇಳುತ್ತೇನೆ. ಹಾಲಿನವಳು ಬಂದರೆ ಬೆರಳು ಅದ್ದಿ ನೋಡದೆ ಪಾತ್ರೆ ಒಳಗೆ ಒಯ್ಯುವುದಿಲ್ಲ. ‘ನಿನ್ನನ್ನು ಮದುವೆಯಾಗುವವ ಮೊದಲು ಪೊಲೀಸು ಸ್ಟೇಷನ್ನಿನಿಂದ ಚೀಟಿ ತರಬೇಕು’ ಎಂದು ಅಮ್ಮ ತಮಾಷೆ ಮಾಡುತ್ತಿದ್ದರು. ಈ ಗುಣದಿಂದಲೇ ನನಗೆ ಮೂಡುಬಿದಿರೆಯಲ್ಲಿ ಒಂದು ಕೆಲಸ ಸಿಕ್ಕಿತು. ಆ ಕೆಲಸದಲ್ಲಿ ನಾನು ಮಾಡಿದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಅರುವತ್ತರ ದಶಕದ ನಡುವಿನ ಮಾತು. ಚೀನಾ ಯುದ್ಧ ಮುಗಿದಿತ್ತು, ಜನರ ಮನಸ್ಸಿನಿಂದ ಹೋಗಿರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಮೂಡುಬಿದಿರೆಯ ಚಿಕ್ಕಮ್ಮನ ಮನೆಯಲ್ಲಿದ್ದೆ. ಎರಡು ಮನೆ ಆಚೆ, ಬಸದಿಗೆ ಹೋಗುವ ದಾರಿಯಲ್ಲಿ, ಉದ್ದದ ಚಾವಡಿ ಇದ್ದ ಒಂದು ಹಳೆಯ ಮನೆಯನ್ನು ಗಣಿತದ ಪ್ರೊಫೆಸರೊಬ್ಬರು ಬಾಡಿಗೆಗೆ ಹಿಡಿದರು. ಮದರಾಸಿನ ಕಡೆ ಎಲ್ಲೋ ಕಲಿಸುತ್ತಿದ್ದವರು, ಕೆಲಸ ಬಿಟ್ಟು ಬಂದವರು. ಅವರಿಗೆ ವಾರಕ್ಕೊಂದು ಪರದೇಶದ ಅಂಚೆ. ಗೋಡೆಯ ಮೇಲೆಲ್ಲ ಚೌಕಗಳ ನಕ್ಷೆ, ಚೌಕದಿಂದ ಚೌಕಕ್ಕೆ ಬಾಣ. ಕೆಲಸ ಬಿಟ್ಟದ್ದು ಯಾಕೆ ಎಂದು ಕೇಳಿದರೆ ನಗುತ್ತಿದ್ದರು. ಗೂಢಚಾರರೇ ಇರಬೇಕು ಎಂದುಕೊಳ್ಳಲು ಇಷ್ಟು ಸಾಕಿತ್ತು ನನಗೆ. ಒಂದು ವಾರ ಅವರ ಮನೆಯ ಮುಂದಿನಿಂದ ನೀರಿಗೆ ಹೋಗುವಾಗ ಬರುವಾಗ ಬಾಗಿಲೊಳಗೆ ಹಣಿಕಿದೆ. ಎಂಟನೆಯ ದಿನ ಅವರೇ ಹೊರಗೆ ಬಂದು, “ನೋಡುವುದಾದರೆ ಒಳಗೆ ಬಂದೇ ನೋಡಮ್ಮ. ಅಕ್ಷರ ಚಂದ ಉಂಟಾ ನಿನ್ನದು?” ಎಂದು ಕೇಳಿದರು. ಹಾಗೆ ಅವರ ಕಾಗದಗಳನ್ನು ಚೊಕ್ಕ ಮಾಡಿ ಬರೆಯುವ ಕೆಲಸಕ್ಕೆ ಸೇರಿದೆ. ಸೇರಿದ್ದು ಅವರ ಗುಟ್ಟು ಹಿಡಿಯುವುದಕ್ಕೆ.

ಗುಟ್ಟು ಅವರೇ ಹೇಳಿದರು. ಪರದೇಶಗಳಲ್ಲಿ ಲೆಕ್ಕ ಮಾಡುವ ದೊಡ್ಡ ಯಂತ್ರಗಳು ಬಂದಿವೆ, ಆದರೆ ಅವು ಒಂದು ಲೆಕ್ಕ ಮುಗಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕುತ್ತವೆ. “ಮದುವೆ ಊಟದಲ್ಲಿ ಒಬ್ಬನೇ ಬಡಿಸಿದ ಹಾಗೆ. ಅವ ಎಷ್ಟು ಓಡಿದರೂ ಕೊನೆಯ ಎಲೆಗೆ ಅನ್ನ ಬರುವಾಗ ಮೊದಲ ಎಲೆಯವ ಕೈ ತೊಳೆದಾಗಿರ್ತದೆ. ಎಂಟು ಜನ ಒಟ್ಟಿಗೆ ಬಡಿಸಿದರೆ?” ಎಂಟು ಸಣ್ಣ ಲೆಕ್ಕದ ಯಂತ್ರಗಳನ್ನು ಸಾಲಾಗಿ ಕೂರಿಸಿ, ಒಂದೇ ಅಪ್ಪಣೆಗೆ ಎಲ್ಲವೂ ಒಟ್ಟಿಗೆ ಕೆಲಸ ಮಾಡುವ ಹಾಗೆ ಮಾಡುವುದು ಅವರ ಯೋಚನೆ. ಅಂಥದ್ದನ್ನು ಬೇರೆ ಕಡೆಯೂ ಯಾರೋ ಮಾಡಲು ಹೊರಟಿದ್ದರಂತೆ, ಅಂಚೆಯಲ್ಲಿ ಬರುತ್ತಿದ್ದುದು ಆ ಸುದ್ದಿ. ಯಂತ್ರ ಕಟ್ಟುವ ಅನುಕೂಲ ಇವರಿಗಿರಲಿಲ್ಲ. ಆದ್ದರಿಂದ ಯಂತ್ರದ ಬದಲು ಮನುಷ್ಯರನ್ನು ಕೂರಿಸಿ ನಡೆದೀತೋ ಇಲ್ಲವೋ ನೋಡಬೇಕೆಂದಿದ್ದರು.

ಲೆಕ್ಕ ಏನೆಂದರೆ, ಒಂದು ಕಬ್ಬಿಣದ ಸರಳು. ಒಂದು ತುದಿ ಕುದಿಯುವ ನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ನಡುವೆ ಎಲ್ಲಿ ಎಷ್ಟು ಬಿಸಿ? ಕಮ್ಮಾರನನ್ನು ಕೇಳಿದರೆ ಮುಟ್ಟಿ ಹೇಳುತ್ತಾನೆ ಎಂದು ನನಗೆ ಅನಿಸಿತು. ಇದಕ್ಕೆ ಎಂಟು ಜನ ಯಾಕೆ? ಇದರ ಹಿಂದೆ ಬೇರೆ ಏನೋ ಇರಬೇಕು ಎಂದು ನಾನು ಸುಮಾರು ದಿನ ಮೂಗು ಚೂಪು ಮಾಡಿಕೊಂಡೇ ಇದ್ದೆ. ಇರಲಿಲ್ಲ. ಅವರಿಗೆ ಸರಳಿನ ಮೇಲೆ ಆಸೆಯಿರಲಿಲ್ಲ, ಎಂಟು ಜನರ ಸಾಲಿನ ಮೇಲೆ ಇತ್ತು.

ಚಾವಡಿಯಲ್ಲಿ ನಾಲ್ಕು ಮಣೆ. ಪ್ರತಿ ಮಣೆಗೂ ಸರಳಿನ ಒಂದು ಜಾಗ. ಮಣೆಯಲ್ಲಿ ಕೂತವರ ಕೈಯಲ್ಲಿ ಆ ಜಾಗದ ಬಿಸಿಯ ಅಂಕಿ. ನಾನು ಗಂಟೆ ಹೊಡೆದ ಕೂಡಲೇ ಎಲ್ಲರೂ ತಮ್ಮ ಅಂಕಿಯನ್ನು ಚೀಟಿಯಲ್ಲಿ ಬರೆದು ಎಡಕ್ಕೂ ಬಲಕ್ಕೂ ಕೊಡಬೇಕು. ಆಮೇಲೆ ತಮ್ಮ ಅಂಕಿಯನ್ನು ಹದಿನೇಳರಿಂದ ಗುಣಿಸಿ, ಎರಡು ನೆರೆಯ ಅಂಕಿಗಳನ್ನು ನಾಲ್ಕರಿಂದ ಗುಣಿಸಿ, ಎಲ್ಲ ಕೂಡಿಸಿ, ಇಪ್ಪತ್ತೈದರಿಂದ ಭಾಗಿಸಿದರೆ ಹೊಸ ಅಂಕಿ. ತನಗೆ ಹದಿನೇಳು ಪಾಲು, ನೆರೆಯವರಿಗೆ ನಾಲ್ಕು ನಾಲ್ಕು ಪಾಲು. ಎಲ್ಲರದ್ದೂ ಮುಗಿದ ಮೇಲೆಯೇ ಮತ್ತೊಂದು ಗಂಟೆ. ಹೀಗಾಗಿ ಎಲ್ಲರಿಗಿಂತ ನಿಧಾನಿಯ ವೇಗವೇ ಎಲ್ಲರ ವೇಗ. ಗಂಟೆಗೆ ಮೊದಲು ಯಾರಾದರೂ ಹೊಸ ಅಂಕಿಯನ್ನು ಪಕ್ಕಕ್ಕೆ ದಾಟಿಸಿದರೆ ಇಡೀ ಸಾಲಿನ ಲೆಕ್ಕ ಕೆಡುತ್ತಿತ್ತು. ಮೊದಲ ವಾರವೆಲ್ಲ ಕೆಟ್ಟದ್ದು ಹಾಗೆಯೇ.

ಪ್ರೊಫೆಸರಿಗೆ ಹೆಮ್ಮೆ ಇದ್ದದ್ದು ಇನ್ನೊಂದು ಉಪಾಯದ ಮೇಲೆ. ಇಂಥದೇ ನಾಲ್ಕು ಮಣೆಗಳ ಮತ್ತೊಂದು ಸಾಲು ಹಿಂದುಗಡೆ ಇತ್ತು. ಅದೇ ಲೆಕ್ಕವನ್ನು ಅವರೂ ಮಾಡಬೇಕು. ಎರಡೂ ಸಾಲಿನ ಉತ್ತರ ಒಂದೇ ಆದರೆ ಸರಿ, ಬೇರೆಯಾದರೆ ಮತ್ತೆ ಮಾಡಬೇಕು. ಯಂತ್ರದ ಒಂದು ಬಲ್ಬು ಸುಟ್ಟುಹೋದರೂ ಹೀಗೆ ಕೂಡಲೇ ಗೊತ್ತಾಗುತ್ತದೆ. “ಸರಿಯುತ್ತರ ಒಂದೇ, ತಪ್ಪುತ್ತರ ನೂರು ಉಂಟು. ಇಬ್ಬರು ಬೇರೆ ಬೇರೆ ಕೂತು ಒಂದೇ ತಪ್ಪು ಮಾಡ್ಲಿಕ್ಕೆ ಸಾಧ್ಯವಾ?” ಎನ್ನುತ್ತಿದ್ದರು. ಎರಡು ಸಾಲುಗಳ ನಡುವೆ ಓಡಾಡಿ ತಾಳೆ ನೋಡುವ ಕೆಲಸ ನನಗೆ ಕೊಟ್ಟರು. ನಾಯಿಗೆ ಮೂಳೆ ಸಿಕ್ಕಿದ ಹಾಗಾಯಿತು.

ಕೂತವರಲ್ಲಿ ಬಂಟ್ವಾಳ ಪೇಟೆಯ ಇಬ್ಬರು ಅಣ್ಣತಮ್ಮಂದಿರು ಇದ್ದರು, ಎರಡು ಸಾಲಿನಲ್ಲಿ ಒಂದೇ ಜಾಗದ ಮಣೆಗಳಲ್ಲಿ. ಅಂಗಡಿಯಲ್ಲಿ ಬಾಯಿಲೆಕ್ಕ ಮಾಡಿ ಪಳಗಿದವರು, ಅವಸರದವರು. ಮೂರು ಸುತ್ತಿಗೊಮ್ಮೆ ಅಣ್ಣನ ಉತ್ತರವೂ ತಮ್ಮನ ಉತ್ತರವೂ ಜಗಳ ಆಡುತ್ತಿದ್ದವು. ಉಳಿದವರಲ್ಲಿ ಪಿಂಚಣಿಯವರು, ಪರೀಕ್ಷೆ ಫೇಲಾದವರು. ಬಿಸಿ ತುದಿಯ ಮೊದಲ ಮಣೆಯಲ್ಲಿ ಮಾತ್ರ ಇಬ್ಬರು ಹುಡುಗಿಯರು, ಎದುರು ಸಾಲಿನಲ್ಲಿ ಒಬ್ಬಳು, ಹಿಂದಿನ ಸಾಲಿನಲ್ಲಿ ಇನ್ನೊಬ್ಬಳು. ಇಬ್ಬರೂ ಬೆಳ್ತಂಗಡಿ ಕಡೆಯವರು, ನನ್ನ ಅಪ್ಪನ ಏಕೋಪಾಧ್ಯಾಯ ಶಾಲೆಯಲ್ಲಿ ಕಲಿತವರು. ಅಪ್ಪನ ಶಾಲೆಯ ಮಕ್ಕಳೆಂದರೆ ಇಪ್ಪತ್ತರ ತನಕ ಮಗ್ಗಿ ಬಾಯಿಪಾಠ, ಸಂಜೆ ದೀಪ ಹಚ್ಚಿದ ಮೇಲೆ ಮನೆಮನೆಯಲ್ಲಿ ರಾಗವಾಗಿ ಹೇಳುವುದು ಕಡ್ಡಾಯ. ಇತರರು ಕಾಗದದ ಮೇಲೆ ಒಂದರ ಕೆಳಗೆ ಒಂದು ಬರೆದು ಗುಣಿಸುವಷ್ಟರಲ್ಲಿ ಇವರ ಉತ್ತರ ಬಂದಾಗಿರುತ್ತಿತ್ತು. ಆದ್ದರಿಂದಲೇ ಮೊದಲ ಮಣೆ ಇವರಿಗೆ.

ಎದುರು ಸಾಲಿನವಳು ಬೆಳ್ತಂಗಡಿ ಹತ್ತಿರದ ಲಾಯಿಲ ಎಂಬ ಊರಿನವಳು. ಸಪೂರದ ಹುಡುಗಿ, ಮಾತು ಕಡಿಮೆ. ಅವಳಿಗೆ ಈ ಕೆಲಸದಿಂದ ಬೇಕಾದದ್ದು ಒಂದೇ ಒಂದು ಪತ್ರ. ಟೀಚರ್ಸ್ ಟ್ರೈನಿಂಗಿನ ಅರ್ಜಿಗೆ ದೊಡ್ಡವರೊಬ್ಬರ ನಡತೆಯ ಪತ್ರ ಜೋಡಿಸಬೇಕಿತ್ತು, ಪ್ರೊಫೆಸರು ಕೊಡುತ್ತೇನೆ ಎಂದಿದ್ದರು. ಅವಳ ಮನೆಯಲ್ಲಿ ಮಾತು ನಡೆಯುವುದು ಸೋದರಮಾವನದು. ಮಾವ ಒಂದು ಸಂಬಂಧ ನೋಡಿಟ್ಟಿದ್ದರು. “ಈ ವರ್ಷ ಸೀಟು ಸಿಕ್ಕಿದರೆ ಓದು, ಸಿಗದಿದ್ದರೆ ಮದುವೆ ಅಂತ ಮಾವ ಹೇಳಿದ್ದಾರೆ. ನನಗೆ ಟೀಚರೇ ಆಗಬೇಕು ಅಕ್ಕ, ನಿಮ್ಮ ಅಪ್ಪನ ಹಾಗೆ” ಎಂದು ಕಾಫಿ ಕುಡಿಯುವಾಗ ಒಮ್ಮೆ ನನ್ನಲ್ಲಿ ಹೇಳಿದಳು. ತಿಂಗಳ ಕೊನೆಗೆ ಅರ್ಜಿ ತಲುಪಬೇಕಿತ್ತು.

ನನಗೆ ಅವಳ ಮೇಲೆ ಪ್ರೀತಿ ಹುಟ್ಟಬೇಕಿತ್ತು. ಹುಟ್ಟಿದ್ದು ಸಂಶಯ. ಬೇರೆ ಎಲ್ಲ ಮಣೆಗಳಲ್ಲಿ ಎದುರಿನವರಿಗೂ ಹಿಂದಿನವರಿಗೂ ಆಗಾಗ ತಪ್ಪುತ್ತಿತ್ತು, ಇವರಿಬ್ಬರಿಗೆ ಮಾತ್ರ ಒಮ್ಮೆಯೂ ತಪ್ಪಲಿಲ್ಲ. ಐದು ವಾರ, ದಿನಕ್ಕೆ ಮೂವತ್ತು ನಲ್ವತ್ತು ಸುತ್ತು, ಒಂದು ಸಲವೂ ಇಲ್ಲ. ಒಂದೇ ಊರಿನವರು, ಒಂದೇ ಬೆಂಚಿನಲ್ಲಿ ಕೂತವರು, ದಾರಿಯಲ್ಲಿ ಕೈ ಹಿಡಿದುಕೊಂಡು ಬರುವವರು. ಇದರಲ್ಲಿ ಏನೋ ಕಳ್ಳಾಟ ಇದೆ ಎಂದು ಪ್ರೊಫೆಸರಿಗೆ ಹೇಳಿದೆ. ಅವರು ಆಗ ಬೇರೆ ಚಿಂತೆಯಲ್ಲಿದ್ದರು. ಲೆಕ್ಕದಲ್ಲಿ ಸರಳಿನ ಬಿಸಿ ತುದಿಯ ಪಕ್ಕದ ಜಾಗ ಇರಬೇಕಾದ್ದಕ್ಕಿಂತ ಬೇಗ ತಣಿಯುತ್ತಿತ್ತು, ಯಾಕೆಂದು ತಿಳಿಯದೆ ತಲೆ ಕೆರೆದುಕೊಳ್ಳುತ್ತಿದ್ದರು. ನನ್ನ ಕಾಟ ತಾಳಲಾರದೆ ಸಾಲುಗಳ ನಡುವೆ ಒಂದು ತೆಂಗಿನ ಮಡಲಿನ ತಟ್ಟಿ ಕಟ್ಟಿಸಿದರು.

ತಟ್ಟಿ ಬಂದ ಮೇಲೂ ಇಬ್ಬರ ಉತ್ತರ ಒಂದೇ. ಹಾಗಾದರೆ ಕಣ್ಣಿನಿಂದಲ್ಲ, ಕಿವಿಯಿಂದ. ನಾನು ಎರಡು ದಿನ ಕಿವಿ ಕೊಟ್ಟು ಕೂತೆ. ಲಾಯಿಲದವಳು ಬರೆಯುವಾಗ ಅವಳ ಗಾಜಿನ ಬಳೆಗಳು ಸದ್ದು ಮಾಡುತ್ತಿದ್ದವು. ಎರಡು ಸಲ, ನಿಂತು ಮೂರು ಸಲ. ಸಿಕ್ಕಿತು ಎಂದುಕೊಂಡೆ. ಎಲ್ಲರ ಎದುರು, “ನಾಳೆಯಿಂದ ಬಳೆ ತೆಗೆದಿಟ್ಟು ಕೂತುಕೊಳ್ಳಬೇಕು” ಎಂದೆ. ಮದುವೆಯಾಗದ ಹುಡುಗಿಗೆ ಕೈ ಖಾಲಿ ಮಾಡು ಎಂದು ಹೇಳಬಾರದು, ಅದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಅವಳು ನನ್ನ ಮುಖ ನೋಡಿದಳು. ಮರುದಿನ ಬರಿಗೈಯಲ್ಲಿ ಬಂದಳು. ಉತ್ತರಗಳು ಮತ್ತೂ ಒಂದೇ ಆಗಿದ್ದವು. ಅಷ್ಟಾದರೂ ನನ್ನ ಅನುಮಾನ ಸೋಲಲಿಲ್ಲ. ಸಿಕ್ಕಿಬೀಳದ ಕಳ್ಳರು ಜಾಣ ಕಳ್ಳರು ಎಂದು ಇನ್ನಷ್ಟು ಗಟ್ಟಿಯಾಯಿತು.

ತಿಂಗಳ ಕೊನೆಗೆ ಹತ್ತು ದಿನ ಇರುವಾಗ ಮದರಾಸಿನಿಂದ ಒಬ್ಬ ಇಂಜಿನಿಯರು ಬಂದರು. ಅವರ ಕೈಕೆಳಗೆ ಕಾರ್ಖಾನೆ ಇತ್ತು. ಅವರಿಗೆ ಒಪ್ಪಿಗೆಯಾದರೆ ಯಂತ್ರ ನಿಜವಾಗಿ ಕಟ್ಟಿಸುವವರು. ಬಿಳಿ ಪ್ಯಾಂಟು ಹಾಕಿಕೊಂಡು ಚಾವಡಿಯ ತುದಿಯಲ್ಲಿ ಕುರ್ಚಿಯಲ್ಲಿ ಕೂತು, ಶುರು ಮಾಡುವ ಅಂಕಿಗಳನ್ನು ತಾವೇ ಬರೆದುಕೊಟ್ಟರು. ಒಂದು ತುದಿ ನೂರು, ಇನ್ನೊಂದು ಸೊನ್ನೆ, ನಡುವಿನ ಮಣೆಗಳಿಗೆ ಎಂಬತ್ತು, ಅರುವತ್ತು, ನಲ್ವತ್ತು, ಇಪ್ಪತ್ತು. ನಾನು ಗಂಟೆ ಹೊಡೆದೆ. ಚೀಟಿಗಳು ಬಂದವು, ತಾಳೆ ನೋಡಿದೆ. ಎರಡೂ ಸಾಲು ಸರಿಯಾಗಿ ತಾಳೆಯಾಗಿದ್ದವು. ಹೆಮ್ಮೆಯಿಂದ ಓದಿದೆ: ಎಪ್ಪತ್ತಾರು, ಅರುವತ್ತು, ನಲ್ವತ್ತು, ಇಪ್ಪತ್ತು.

ಇಂಜಿನಿಯರು ನಕ್ಕರು. ಈ ಅಂಕಿಗಳನ್ನು ಅವರು ಬೇಕೆಂದೇ ಕೊಟ್ಟಿದ್ದರು. ಎಲ್ಲ ಮಣೆಗಳ ನಡುವೆಯೂ ಇಪ್ಪತ್ತಿಪ್ಪತ್ತರ ಅಂತರ ಇರುವಾಗ ಸರಳಿನಲ್ಲಿ ಏನೂ ಬದಲಾಗಬಾರದು, ಎಂಬತ್ತು ಎಂಬತ್ತಾಗಿಯೇ ಉಳಿಯಬೇಕು. “ನಿಮ್ಮ ಎರಡು ಸಾಲೂ ಒಟ್ಟಿಗೆ ತಪ್ಪಿದೆಯಲ್ಲ ಪ್ರೊಫೆಸರೇ” ಎಂದರು. ಪ್ರೊಫೆಸರ ಮುಖ ಸುಣ್ಣದ ಹಾಗಾಯಿತು. ಅವರ ಇಡೀ ಉಪಾಯ ನಿಂತದ್ದೇ ಇಬ್ಬರು ಒಂದೇ ತಪ್ಪು ಮಾಡುವುದಿಲ್ಲ ಎಂಬ ಮಾತಿನ ಮೇಲೆ. ನಾನು ಸುಮ್ಮನಿರಬಹುದಿತ್ತು. “ಸಾರ್, ಇವರಿಬ್ಬರು ಒಬ್ಬರದ್ದು ಒಬ್ಬರು ಕದ್ದು ಬರೆಯುವುದು. ಎಷ್ಟೋ ದಿನದಿಂದ ಹೇಳ್ತಾ ಇದ್ದೇನೆ” ಎಂದೆ.

ಲಾಯಿಲದವಳು ಎದ್ದು ನಿಂತಳು. “ನಾವು ಕದೀಲಿಲ್ಲ. ಬೇಕಾದರೆ ಬೇರೆ ಮನೆಯಲ್ಲಿ ಕೂರಿಸಿ ಕೇಳಿ” ಎಂದಳು. ಅವಳ ಸ್ವರ ನಡುಗುತ್ತಿತ್ತು, ಅದೂ ನನಗೆ ತಪ್ಪಿತಸ್ಥರ ನಡುಕದ ಹಾಗೆ ಕೇಳಿಸಿತು. ಇಂಜಿನಿಯರು ಗಡಿಯಾರ ನೋಡಿ ಎದ್ದರು. ಅವರ ಕಾರು ತಿರುವು ದಾಟಿದ ಮೇಲೆ ಪ್ರೊಫೆಸರು ಇಬ್ಬರು ಹುಡುಗಿಯರಿಗೂ ನಾಳೆಯಿಂದ ಬರಬೇಡಿ ಎಂದರು. ಪತ್ರದ ಮಾತನ್ನು ಲಾಯಿಲದವಳು ಎತ್ತಲೇ ಇಲ್ಲ, ಅವರು ಕೊಡಲೂ ಇಲ್ಲ.

ಮರುದಿನ ಬೆಳಿಗ್ಗೆ ಇಂಜಿನಿಯರಿಗೆ ಕಳಿಸುವ ಕಾಗದದಲ್ಲಿ ಸರಿಯಾದ ಲೆಕ್ಕವನ್ನು ವಿವರವಾಗಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಎಂಬತ್ತನ್ನು ಹದಿನೇಳರಿಂದ ಗುಣಿಸಿದೆ, ನೆರೆಯ ನೂರು ಮತ್ತು ಅರುವತ್ತನ್ನು ನಾಲ್ಕರಿಂದ ಗುಣಿಸಿ ಸೇರಿಸಿದೆ. ಎಪ್ಪತ್ತಾರು ಬಂತು. ಮತ್ತೊಮ್ಮೆ ಮಾಡಿದೆ. ಎಪ್ಪತ್ತಾರು. ನನಗೆ ಮೊದಲು ಬಂದ ಯೋಚನೆ, ಆ ಬಿಳಿ ಪ್ಯಾಂಟಿನವನೇ ಮೋಸಗಾರ ಎಂದು. ಪ್ರೊಫೆಸರ ಯಂತ್ರವನ್ನು ತಾನು ಕದಿಯಲು ಇವರದು ತಪ್ಪು ಎಂದು ಹೇಳಿ ಹೋಗಿದ್ದಾನೆ, ಇವರೋ ಪಾಪದವರು, ನಂಬಿದರು. ಈ ಸಂಚನ್ನು ಬಯಲು ಮಾಡಬೇಕೆಂದು ಸಾಲಿನಲ್ಲಿ ಕೂರುವ ಪಿಂಚಣಿಯವರೊಬ್ಬರ ಹತ್ತಿರ ಕಾಗದ ಒಯ್ದೆ. ಅವರು ಕನ್ನಡಕ ಹಾಕಿಕೊಂಡು, ಒಂದರ ಕೆಳಗೆ ಒಂದು ಬರೆದು, ನಿಧಾನವಾಗಿ ಗುಣಿಸಿದರು. “ಎಂಬತ್ತೇ ಬರ್ತದಲ್ಲ ಮಗಾ. ನೀನು ಹದಿನೇಳೆಂಟ್ಲಿ ನೂರ ಇಪ್ಪತ್ತಾರು ಅಂತ ಬರೆದಿದ್ದಿ” ಎಂದರು.

ಹೌದು. ಹದಿನೇಳೆಂಟ್ಲಿ ನೂರ ಇಪ್ಪತ್ತಾರು. ನಾನು ಹುಟ್ಟಿದಂದಿನಿಂದ ಅದು ಹಾಗೆಯೇ. ಅವರನ್ನೂ ನಂಬದೆ ಚಿಕ್ಕಮ್ಮನ ಮನೆಗೆ ಹೋಗಿ ಚೆನ್ನೆಮಣೆ ಆಟದ ಕಾಯಿಗಳನ್ನು ಸುರಿದುಕೊಂಡು ಕೂತೆ. ಸಾಲದೆ ಬಂದದ್ದಕ್ಕೆ ಹುಣಸೆ ಬೀಜ ಸೇರಿಸಿ, ಎಂಟೆಂಟರಂತೆ ಹದಿನೇಳು ಸಾಲು ನೆಲದ ಮೇಲೆ ಇಟ್ಟು ಎಣಿಸಿದೆ. ನೂರ ಮೂವತ್ತಾರು. ಇನ್ನೊಂದು ತುದಿಯಿಂದ ಎಣಿಸಿದೆ, ನೂರ ಮೂವತ್ತಾರು. ಅಪ್ಪನ ಮಗ್ಗಿಯಲ್ಲಿ ಆ ಒಂದು ಸಾಲು ತಪ್ಪು. ಅದರ ಮುಂದಿನದು, ಹದಿನೇಳೊಂಬತ್ಲಿ ನೂರ ಐವತ್ತಮೂರು, ಸರಿ. ರಾಗ ಎಲ್ಲಿಯೂ ಮುಗ್ಗರಿಸುವುದಿಲ್ಲ, ಆದ್ದರಿಂದ ಯಾರ ಕಿವಿಗೂ ಬೀಳಲಿಲ್ಲ. ತಪಾಸಣೆಗೆ ಬಂದ ಇನ್ಸ್‌ಪೆಕ್ಟರುಗಳು ಹನ್ನೆರಡರ ಮಗ್ಗಿಯಿಂದ ಆಚೆ ಕೇಳಿದವರಲ್ಲ.

ಹುಡುಗಿಯರು ಕದ್ದಿರಲಿಲ್ಲ. ಒಂದೇ ಶಾಲೆಯಲ್ಲಿ ಒಂದೇ ತಪ್ಪನ್ನು ಪ್ರಾಮಾಣಿಕವಾಗಿ ಕಲಿತಿದ್ದರು, ನನ್ನ ಹಾಗೆಯೇ. ಕೂಡಲೇ ಎದ್ದು ಎರಡು ಮನೆ ಆಚೆ ಹೋಗಿ ಹೇಳಬೇಕಿತ್ತು. ಇಪ್ಪತ್ತು ಹೆಜ್ಜೆ. ನಾನು ಹೋಗಲಿಲ್ಲ. ಅಪ್ಪನ ನಿವೃತ್ತಿಗೆ ಒಂದು ವರ್ಷ ಇತ್ತು. ತಾಲೂಕಿನಲ್ಲೇ ಲೆಕ್ಕದ ಮಾಸ್ಟ್ರು ಎಂದರೆ ಅವರೇ ಎನ್ನುವ ಹೆಸರು. ‘ಇಪ್ಪತ್ತೆಂಟು ವರ್ಷ ತಪ್ಪು ಮಗ್ಗಿ ಕಲಿಸಿದವರು’ ಎಂದು ಪೇಟೆಯಲ್ಲಿ ಆಡಿಕೊಳ್ಳುವುದು ನನ್ನ ಕಿವಿಗೆ ಆಗಲೇ ಕೇಳಿಸಿತು. ಬೀಜಗಳನ್ನು ಗುಡಿಸಿ ಡಬ್ಬಿಗೆ ಹಾಕಿದೆ. ಇಂಜಿನಿಯರಿಗೆ ಕಳಿಸುವ ಕಾಗದದಲ್ಲಿ ಎಂಬತ್ತು ಎಂದು ಸರಿಯಾಗಿ ಬರೆದುಕೊಟ್ಟೆ. ನಾಳೆ ಹೇಳುವ ಎಂದುಕೊಂಡೆ. ದಿನಾ ನಾಳೆ ಹೇಳುವ ಎಂದುಕೊಂಡೆ. ಹೇಡಿತನಕ್ಕೆ ಅಷ್ಟು ಚಂದದ ಹೆಸರು ಬೇರೆ ಇಲ್ಲ.

ಹನ್ನೆರಡನೆಯ ದಿನ ತಡೆಯಲಾರದೆ ವೇಣೂರಿನ ಮೇಲಿನಿಂದ ಹೋಗುವ ಬಸ್ಸು ಹಿಡಿದು ಊರಿಗೆ ಹೋದೆ. ಅಪ್ಪ ಶಾಲೆಯ ಜಗಲಿಯಲ್ಲಿದ್ದರು, ಒಳಗೆ ಮಕ್ಕಳು ಕಾಪಿ ಬರೆಯುತ್ತಿದ್ದರು. ಎಲ್ಲವನ್ನೂ ಹೇಳಿದೆ, ಬಳೆಯದ್ದನ್ನು ಬಿಟ್ಟು. ಅವರು ಬಾಯಲ್ಲಿ ಒಮ್ಮೆ ಹದಿನೇಳರ ಮಗ್ಗಿ ಹೇಳಿಕೊಂಡರು, ಎಂಟಕ್ಕೆ ಬಂದಾಗ ನಿಂತರು. ಬೆರಳು ಮಡಚಿ ಲೆಕ್ಕ ಹಾಕಿದರು. ಅವರಿಗೂ ಅವರ ಮಾಸ್ಟ್ರು ಹಾಗೆಯೇ ಕಲಿಸಿದ್ದರಂತೆ. ಇದನ್ನು ಇಲ್ಲಿಗೇ ಬಿಡುವ ಎಂದು ಹೇಳಿಯಾರೆಂದು ನಾನು ಕಾದೆ, ಹೇಳಲಿ ಎಂದು ಆಸೆಯೂ ಇತ್ತು.

“ಪ್ರೊಫೆಸರಿಗೆ ಹೇಳು. ನನ್ನ ಹೆಸರು ಹೇಳಿಯೇ ಹೇಳು” ಎಂದರು. ಆಮೇಲೆ ಒಳಗೆ ಹೋಗಿ, “ಮಕ್ಕಳೇ, ನಾನು ನಿಮಗೆ ಒಂದು ತಪ್ಪು ಕಲಿಸಿದ್ದೇನೆ. ಈಗ ಸರಿ ಮಾಡುವ” ಎಂದರು. ಅಷ್ಟು ಸುಲಭವಾಗಿ.

ಪ್ರೊಫೆಸರಿಗೆ ಹೇಳಿದಾಗ ಅವರು ಸಿಟ್ಟಾಗುತ್ತಾರೆಂದು ಎಣಿಸಿದ್ದೆ. ಅವರು ಕುರ್ಚಿಯಿಂದ ಎದ್ದು ಚಾವಡಿಯ ಉದ್ದಕ್ಕೂ ನಡೆದರು. “ಒಂದೇ ಶಾಲೆಯಲ್ಲಿ ಕಲಿತ ಇಬ್ಬರು ಇಬ್ಬರಲ್ಲ, ಒಬ್ಬರೇ. ಎರಡು ಸಾಲನ್ನು ಎರಡು ಬೇರೆ ಕೈ ಕಟ್ಟಬೇಕು, ಬೇರೆ ದಾರಿಯಲ್ಲಿ ಲೆಕ್ಕ ಮಾಡಬೇಕು. ಅಯ್ಯೋ, ಇದು ನನಗೆ ಮೊದಲೇ ಹೊಳೆಯಬೇಕಿತ್ತು” ಎಂದು ಗೋಡೆಯ ನಕ್ಷೆ ಕಿತ್ತು ಹೊಸದು ಬರೆಯಲು ಕೂತರು. ಅವರಿಗೆ ಅದೊಂದು ಲಾಭವೇ ಆಯಿತು. ಹುಡುಗಿಯರ ವಿಷಯ ನಾನೇ ನೆನಪಿಸಬೇಕಾಯಿತು. ಕೂಡಲೇ ಇಬ್ಬರಿಗೂ ಒಳ್ಳೆಯ ಪತ್ರ ಬರೆದುಕೊಟ್ಟರು. ಆದರೆ ತಿಂಗಳು ಮುಗಿದು ಎರಡು ದಿನ ಆಗಿತ್ತು.

ಪತ್ರ ಹಿಡಿದುಕೊಂಡು ಲಾಯಿಲಕ್ಕೆ ಹೋದೆ. ಮಧ್ಯಾಹ್ನದ ಬಿಸಿಲು. ಅವಳ ಮನೆಯಂಗಳದಲ್ಲಿ ಗಂಡಸರು ಚಪ್ಪರಕ್ಕೆ ಕಂಬ ನೆಡುತ್ತಿದ್ದರು. ಮಾವ ಹೇಳಿದ ಮಾತಿಗೆ ತಪ್ಪುವವರಲ್ಲ, ದಿನ ಗೊತ್ತು ಮಾಡಿಯಾಗಿತ್ತು. ಅವಳು ಹೊರಗೆ ಬಂದು ನನ್ನನ್ನು ಜಗಲಿಯಲ್ಲಿ ಕೂರಿಸಿದಳು. ಮಗ್ಗಿಯ ವಿಷಯ ಹೇಳಿದೆ, ನನ್ನಿಂದ ತಪ್ಪಾಯಿತು ಎಂದೆ. ಪತ್ರವನ್ನು ಎರಡು ಸಲ ಓದಿದಳು, ಅಳಲಿಲ್ಲ. ಮಡಚಿ ಸೆರಗಿನ ಒಳಗೆ ಇಟ್ಟುಕೊಂಡಳು.

“ನಿಮಗೆ ಇದು ಯಾವತ್ತು ಗೊತ್ತಾದದ್ದು ಅಕ್ಕ?” ಎಂದು ಕೇಳಿದಳು.

ಅವಳ ಸ್ವರದಲ್ಲಿ ಏನೂ ಇರಲಿಲ್ಲ. ದಿನ ಲೆಕ್ಕ ಹಾಕುತ್ತಿದ್ದಾಳೆ, ಅಷ್ಟೇ. ಇನ್ನೂ ಸಮಯ ಇದ್ದಾಗ ಯಾರಾದರೂ ಬಂದು ಹೇಳಬಹುದಿತ್ತೇ ಎಂದು ಅವಳಿಗೆ ತಿಳಿಯಬೇಕಿತ್ತು.

“ಮೊನ್ನೆ, ಊರಿಗೆ ಹೋದಾಗ” ಎಂದೆ.

ಅವಳು ನಂಬಿದಳು. ಇನ್ನೊಂದು ಪ್ರಶ್ನೆಯನ್ನೂ ಕೇಳಲಿಲ್ಲ. “ಗೊತ್ತಾದ ಕೂಡಲೇ ಬಂದಿರಲ್ಲ, ಅಷ್ಟು ಸಾಕು. ಬಿಸಿಲಿಗೆ ನಡೆದು ಬಂದಿದ್ದೀರಿ” ಎಂದು ಒಳಗೆ ಹೋಗಿ ಬೆಲ್ಲ ನೀರು ತಂದು ಕೊಟ್ಟಳು. ನಾನು ಕುಡಿದೆ.